ಅಗ್ಗದ ಗುಮ್ಮ, ದುಬಾರಿ ಪಾಠ

ಪರೀಕ್ಷೆ ಮುಗಿದ ಸಂಜೆ. ನಾಲ್ಕು ಹುಡುಗರು ಒಂದೇ ಮನೆಯಲ್ಲಿ ಸೇರಿ ಇಂಗ್ಲಿಷ್ ಸಿನೆಮಾ ನೋಡಲು ಕೂರುತ್ತಾರೆ. ತೆರೆಯ ಮೇಲೆ ಚೂರಿ ಹಿಡಿದ ಕೈಯೊಂದು ಮೂಡುವುದಕ್ಕೂ ಅಡುಗೆಮನೆಯಿಂದ ತಾಯಿ ಬಜ್ಜಿಯ ತಟ್ಟೆ ಹಿಡಿದು ಬರುವುದಕ್ಕೂ ಸರಿಹೋಗುತ್ತದೆ.

"ನೋಡೋಕೆ ಬೇರೇನೂ ಸಿಗಲಿಲ್ವೇನೋ ನಿಮಗೆ?"

"ಇದು ಕ್ಲಾಸಿಕ್ ಕಣಮ್ಮ."

"ಎಂಥ ಕ್ಲಾಸಿಕ್ಕೋ! ರಾತ್ರಿ ಬಚ್ಚಲುಮನೆಗೆ ಹೋಗೋಕೆ ಅಮ್ಮ ಜೊತೇಲಿ ಬರಬೇಕು ಆಮೇಲೆ."

ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಈ ಸಂಭಾಷಣೆ ಹೊಸದೇನಲ್ಲ. ತಾಯಿಯ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮುಖವಾಡ ತೊಟ್ಟ ಕೊಲೆಗಾರನೊಬ್ಬ ಹರೆಯದ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಬೆನ್ನಟ್ಟಿ ಇರಿಯುವ ಕಥೆಗಳಿಗೆ ಸಿನೆಮಾ ಲೋಕದಲ್ಲಿ 'ಸ್ಲ್ಯಾಷರ್' ಎಂದು ಹೆಸರು. ಈ ಜಾತಿಯ ಬಹುಪಾಲು ಚಿತ್ರಗಳು ಕೆಂಪು ಬಣ್ಣದ ಬಾಟಲಿಯೊಂದನ್ನು ನಂಬಿ ತಯಾರಾದಂಥವು. ಅವುಗಳನ್ನು ನೋಡದೆ ಇದ್ದರೆ ಯಾರಿಗೂ ನಷ್ಟವಿಲ್ಲ.

ಆದರೆ ಮಗನ ಮಾತನ್ನೂ ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಈ ಜಾತಿಗೇ ಹಾದಿ ಹಾಕಿಕೊಟ್ಟ ಚಿತ್ರವೊಂದಿದೆ. ಅದರ ಹೆಸರು 'ಹ್ಯಾಲೋವೀನ್'. 1978ರ ಅಕ್ಟೋಬರ್ 25ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಮೊದಲು ತೆರೆಕಂಡ ಈ ಚಿತ್ರದಲ್ಲಿ ದೊಡ್ಡ ತಾರೆಯರಿಲ್ಲ, ದೊಡ್ಡ ಸೆಟ್ಟುಗಳಿಲ್ಲ. ರಕ್ತವಂತೂ ಹುಡುಕಿದರೆ ಮಾತ್ರ ಸಿಗುವಷ್ಟು. ಅದರಲ್ಲಿ ಇರುವುದು ಒಂದು ಸಣ್ಣ ಊರು, ಹೈಸ್ಕೂಲಿನ ಮೂವರು ಗೆಳತಿಯರು ಮತ್ತು ಯಾರ ಕಿವಿಗೂ ಬೀಳದ ಕೆಲವು ಮಾತುಗಳು. ಮಕ್ಕಳೂ ಪಾಲಕರೂ ಬೇರೆ ಬೇರೆ ಕಾರಣಕ್ಕೆ ಗಮನಿಸಬೇಕಾದ ಚಿತ್ರವಿದು.

ಮೂರು ಲಕ್ಷದ ಲೆಕ್ಕ

ಚಿತ್ರದ ಮೂಲ ಕಲ್ಪನೆ ನಿರ್ಮಾಪಕ ಅರ್ವಿನ್ ಯಾಬ್ಲಾನ್ಸ್ ಅವರದು. ಸಂಜೆ ಹೊತ್ತು ಹೊರಗೆ ಹೋಗುವ ದಂಪತಿ ತಮ್ಮ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಅಕ್ಕಪಕ್ಕದ ವಿದ್ಯಾರ್ಥಿನಿಯನ್ನು ಕರೆದು ನಾಲ್ಕು ಕಾಸು ಕೊಡುವುದು ಅಮೆರಿಕದಲ್ಲಿ ಸಾಮಾನ್ಯ ರೂಢಿ. ಅಂಥ ಹುಡುಗಿಗೆ ಬೇಬಿಸಿಟರ್ ಎನ್ನುತ್ತಾರೆ. ಬೇಬಿಸಿಟರುಗಳ ಬೆನ್ನುಹತ್ತುವ ಕೊಲೆಗಾರನ ಕಥೆ ಮಾಡೋಣ ಎಂದು ಯಾಬ್ಲಾನ್ಸ್ ಹೇಳಿದಾಗ ಅದನ್ನು ಒಪ್ಪಿದವರು ಜಾನ್ ಕಾರ್ಪೆಂಟರ್. ಆಗ ಅವರಿಗೆ ಮೂವತ್ತು ವರ್ಷ. ಅದಕ್ಕೆ ಮೊದಲು 'ಡಾರ್ಕ್ ಸ್ಟಾರ್' ಮತ್ತು 'ಅಸಾಲ್ಟ್ ಆನ್ ಪ್ರಿಸಿಂಕ್ಟ್ 13' ಎಂಬ ಎರಡು ಸಣ್ಣ ಚಿತ್ರಗಳನ್ನು ಮಾಡಿದ್ದರು. ಹಣ ಹಾಕಿದವರು ಸಿರಿಯಾದಲ್ಲಿ ಹುಟ್ಟಿದ ಮುಸ್ತಫಾ ಅಕ್ಕಾಡ್. ಕಥೆಯನ್ನು ಕಾರ್ಪೆಂಟರ್ ಜೊತೆ ಕೂತು ಬರೆದು, ನಿರ್ಮಾಣದ ಹೊಣೆಯನ್ನೂ ಹೊತ್ತವರು ಡೆಬ್ರಾ ಹಿಲ್ ಎಂಬ ಯುವತಿ.

ಒಟ್ಟು ಖರ್ಚು ಸುಮಾರು 3 ಲಕ್ಷ 25 ಸಾವಿರ ಡಾಲರ್. ಡಾಲರಿಗೆ ಎಂಟು ರೂಪಾಯಿ ಚಿಲ್ಲರೆಯಿದ್ದ ಆ ಕಾಲದ ಲೆಕ್ಕದಲ್ಲಿ ಇದು ಸುಮಾರು 26 ಲಕ್ಷ ರೂಪಾಯಿ. ಕೇಳುವವರಿಗೆ ದೊಡ್ಡ ಮೊತ್ತವೆನಿಸಬಹುದು. ಆದರೆ ಹಿಂದಿನ ವರ್ಷವಷ್ಟೇ ಬಂದಿದ್ದ 'ಸ್ಟಾರ್ ವಾರ್ಸ್' ಚಿತ್ರಕ್ಕೆ ತಗುಲಿದ್ದು 1 ಕೋಟಿ 10 ಲಕ್ಷ ಡಾಲರ್! ಆ ಹಣದಲ್ಲಿ 'ಹ್ಯಾಲೋವೀನ್'ನಂಥ ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯಬಹುದಿತ್ತು.

ಕೈಯಲ್ಲಿ ಕಾಸಿಲ್ಲದವರು ಬುದ್ಧಿಯನ್ನು ಖರ್ಚು ಮಾಡಬೇಕಾಗುತ್ತದೆ. ಕಥೆ ನಡೆಯುವುದು ಅಕ್ಟೋಬರ್ 31ರಂದು, ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಎಂಬ ಕಲ್ಪಿತ ಊರಿನಲ್ಲಿ. ಅದು ಮರಗಳು ಎಲೆಯುದುರಿಸುವ ಕಾಲ. ಮಕ್ಕಳು ಭೂತ ಪಿಶಾಚಿಗಳ ವೇಷ ಹಾಕಿ ಮನೆ ಮನೆಗೆ ಹೋಗಿ ಮಿಠಾಯಿ ಕೇಳುವ, ಕುಂಬಳಕಾಯಿ ಕೊರೆದು ದೀಪವಿಡುವ ಹಬ್ಬ ಅದು. ಆದರೆ ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಸೌತ್ ಪ್ಯಾಸಡೀನಾ ಮತ್ತು ಹಾಲಿವುಡ್ ಬೀದಿಗಳಲ್ಲಿ, ಅದೂ ವಸಂತಕಾಲದಲ್ಲಿ, ಸುಮಾರು 20 ದಿನ. ಮರಗಳೆಲ್ಲ ಹಸಿರು. ಕುಂಬಳಕಾಯಿ ಸಿಗುವುದೇ ಕಷ್ಟ. ತಂಡದವರು ಎಲೆಗಳಿಗೆ ಕಂದು ಬಣ್ಣ ಬಳಿದು ಚೀಲಗಳಲ್ಲಿ ತುಂಬಿಟ್ಟುಕೊಂಡರು. ಒಂದು ದೃಶ್ಯಕ್ಕೆ ರಸ್ತೆಯ ಮೇಲೆ ಚೆಲ್ಲುವುದು, ದೃಶ್ಯ ಮುಗಿದೊಡನೆ ಗುಡಿಸಿ ಮತ್ತೆ ಚೀಲಕ್ಕೆ ತುಂಬುವುದು, ಮುಂದಿನ ಬೀದಿಗೆ ಹೊತ್ತೊಯ್ಯುವುದು. ಕಣ್ಣಿಟ್ಟು ನೋಡುವವರಿಗೆ ಕೆಲವು ದೃಶ್ಯಗಳ ಹಿಂದೆ ಇಲಿನಾಯ್‌ನಲ್ಲಿ ಇರಲಾರದ ತಾಳೆಮರಗಳೂ ಕಾಣುತ್ತವೆ. ಆದರೆ ಕಥೆ ಹಿಡಿದು ಕೂರಿಸಿದ್ದರಿಂದ ಮರ ಎಣಿಸುವ ಪುರುಸೊತ್ತು ಪ್ರೇಕ್ಷಕರಿಗೆ ಸಿಗಲಿಲ್ಲ.

ಕೊಲೆಗಾರನ ಹಳೆಯ ಮನೆಗೆಂದು ಸಿಕ್ಕಿದ್ದು ಒಂದು ಪಾಳುಮನೆ. ಕಥೆಯಲ್ಲಿ ಅದು ಎರಡು ಸಲ ಬರುತ್ತದೆ. 1963ರಲ್ಲಿ ಜನ ವಾಸವಾಗಿದ್ದ ಮನೆಯಾಗಿ, 1978ರಲ್ಲಿ ಪಾಳುಬಿದ್ದ ಮನೆಯಾಗಿ. ತಂಡ ಪಾಳುಮನೆಯ ದೃಶ್ಯಗಳನ್ನು ಮೊದಲು ತೆಗೆಯಿತು. ಕೊನೆಗೆ ಕೈಗೆ ಸಿಕ್ಕವರೆಲ್ಲ ಕುಂಚ ಹಿಡಿದು ಸುಣ್ಣಬಣ್ಣ ಬಳಿದು, ಸಾಮಾನು ಜೋಡಿಸಿ, ಚಿತ್ರದ ಮೊದಲ ದೃಶ್ಯವನ್ನು ಕಟ್ಟಕಡೆಯಲ್ಲಿ ತೆಗೆದರು. ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಪರದೆ ಕಟ್ಟಿದ ಅನುಭವವಿರುವ ಯಾವ ವಿದ್ಯಾರ್ಥಿಗೂ ಈ ಒದ್ದಾಟ ಪರಿಚಿತವೇ.

ಎರಡು ಡಾಲರಿನ ಮುಖ

ಹಣವಿಲ್ಲದ್ದರ ದೊಡ್ಡ ಲಾಭ ಸಿಕ್ಕಿದ್ದು ಮುಖವಾಡದ ವಿಷಯದಲ್ಲಿ. ಕಲಾ ವಿನ್ಯಾಸ ಮತ್ತು ಸಂಕಲನ ಎರಡನ್ನೂ ನೋಡಿಕೊಂಡ ಟಾಮಿ ಲೀ ವಾಲೆಸ್, ಕಾರ್ಪೆಂಟರ್ ಅವರ ಬಾಲ್ಯದ ಗೆಳೆಯ. ಅವರು ಹಾಲಿವುಡ್‌ನ ಅಂಗಡಿಯೊಂದರಿಂದ ತಂದ ಮುಖವಾಡಗಳಲ್ಲಿ ಒಂದು ವಿದೂಷಕನದು, ಇನ್ನೊಂದು 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಪಾತ್ರದ್ದು, ಅಂದರೆ ನಟ ವಿಲಿಯಂ ಶಾಟ್ನರ್ ಮುಖದ ರಬ್ಬರು ಪಡಿಯಚ್ಚು. ಎರಡನೆಯದರ ಬೆಲೆ ಎರಡು ಡಾಲರಿಗೂ ಕಡಿಮೆ. ಅದರ ಹುಬ್ಬು ಕಿತ್ತು, ಕಣ್ಣಿನ ತೂತು ಹಿಗ್ಗಿಸಿ, ಕೂದಲು ಕೆದರಿ, ಮುಖಕ್ಕೆಲ್ಲ ಬಿಳಿ ಬಣ್ಣ ಹೊಡೆದರು. ನಗುವೂ ಇಲ್ಲದ, ಕೋಪವೂ ಇಲ್ಲದ, ಏನೂ ಇಲ್ಲದ ಮುಖವೊಂದು ಎದ್ದು ಬಂತು. ಕೋರೆಹಲ್ಲಿನ ರಾಕ್ಷಸನಿಗೆ ಹೆದರದವರೂ ಈ ಖಾಲಿ ಮುಖಕ್ಕೆ ಹೆದರಿದರು. ಅದರ ಮೇಲೆ ಪ್ರತಿಯೊಬ್ಬನೂ ತನ್ನ ತನ್ನ ಭಯವನ್ನೇ ಬರೆದುಕೊಳ್ಳಬಹುದು.

ಆ ಮುಖವಾಡ ತೊಟ್ಟು ನಡೆದವರು ಕಾರ್ಪೆಂಟರ್ ಅವರ ಕಾಲೇಜು ಸಹಪಾಠಿ ನಿಕ್ ಕ್ಯಾಸಲ್. ದಿನಗೂಲಿ 25 ಡಾಲರ್. ಸಿನೆಮಾ ಹೇಗೆ ತೆಗೆಯುತ್ತಾರೆಂದು ಹತ್ತಿರದಿಂದ ನೋಡುವ ಆಸೆಯಿಂದ ಬಂದಿದ್ದ ಅವರು ಮುಂದೆ ತಾವೇ ನಿರ್ದೇಶಕರಾದರು. ಹೆಸರಿದ್ದ ನಟರೆಂದರೆ ಮನೋವೈದ್ಯ ಲೂಮಿಸ್ ಪಾತ್ರದ ಡೊನಾಲ್ಡ್ ಪ್ಲೆಸೆನ್ಸ್ ಒಬ್ಬರೇ. ಅವರಿಗೆ ಐದು ದಿನದ ಕೆಲಸಕ್ಕೆ 20 ಸಾವಿರ ಡಾಲರ್ ಸಂಭಾವನೆ. ನಾಯಕಿ ಲೋರಿಯ ಪಾತ್ರಕ್ಕೆ ಬಂದ ಹತ್ತೊಂಬತ್ತರ ಜೇಮೀ ಲೀ ಕರ್ಟಿಸ್‌ಗೆ ಅದು ಮೊದಲ ಚಿತ್ರ. ಹಿಚ್‌ಕಾಕ್‌ರ 'ಸೈಕೋ' ಚಿತ್ರದ ಜ್ಯಾನೆಟ್ ಲೀ ಆಕೆಯ ತಾಯಿ. ಮಗಳ ಉಡುಪನ್ನು ಮಾತ್ರ ಸಾಧಾರಣ ಅಂಗಡಿಯಲ್ಲಿ ನೂರು ಡಾಲರಿನ ಒಳಗೇ ಕೊಂಡರು.

ದೃಶ್ಯಗಳನ್ನು ಹಿಂದುಮುಂದಾಗಿ ತೆಗೆಯಬೇಕಾಗಿದ್ದರಿಂದ ಹೊಸ ನಟಿಗೆ ಎಲ್ಲಿ ಎಷ್ಟು ಹೆದರಬೇಕೆಂಬುದು ತಿಳಿಯದಾಯಿತು. ಕಾರ್ಪೆಂಟರ್ ಒಂದು 'ಭಯದ ಅಳತೆಪಟ್ಟಿ' ಮಾಡಿದರು. ಈ ದೃಶ್ಯದಲ್ಲಿ ಭಯ ಆರು, ಮುಂದಿನದರಲ್ಲಿ ಒಂಬತ್ತೂವರೆ, ಹೀಗೆ. ಕಷ್ಟದ ಕೆಲಸವನ್ನು ಸರಳ ಲೆಕ್ಕಕ್ಕೆ ಇಳಿಸಿ ವಿವರಿಸುವುದು ಒಳ್ಳೆಯ ಮೇಷ್ಟ್ರ ಲಕ್ಷಣವಲ್ಲವೇ?

ತೋರಿಸದೆ ಹೆದರಿಸುವ ವಿದ್ಯೆ

ಎಲ್ಲದರಲ್ಲೂ ಕೈಬಿಗಿ ಹಿಡಿದ ಕಾರ್ಪೆಂಟರ್ ಒಂದು ವಿಷಯದಲ್ಲಿ ಮಾತ್ರ ರಾಜಿಯಾಗಲಿಲ್ಲ. ಚಿತ್ರವನ್ನು ಅಗಲ ತೆರೆಗೆ, ಒಳ್ಳೆಯ ಪ್ಯಾನಾವಿಷನ್ ಮಸೂರಗಳಲ್ಲೇ ತೆಗೆಯಬೇಕು ಎಂದರು. ಕಾರಣ ನೋಡಿದಾಗ ತಿಳಿಯುತ್ತದೆ. ಅಗಲವಾದ ಚೌಕಟ್ಟಿನ ಒಂದು ಮೂಲೆಯಲ್ಲಿ ಹುಡುಗಿ ನಿಂತಿರುತ್ತಾಳೆ. ಮಿಕ್ಕಿದ್ದೆಲ್ಲ ಖಾಲಿ. ಆ ಖಾಲಿ ಜಾಗದಲ್ಲಿ, ಕತ್ತಲ ಬಾಗಿಲಲ್ಲಿ, ಬೇಲಿಯ ಪಕ್ಕದಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ ಅವನಿದ್ದಾನೆಯೇ ಎಂದು ಪ್ರೇಕ್ಷಕನ ಕಣ್ಣು ತಾನಾಗಿ ಹುಡುಕತೊಡಗುತ್ತದೆ. ಮುಕ್ಕಾಲು ಸಲ ಅಲ್ಲಿ ಯಾರೂ ಇರುವುದಿಲ್ಲ. ಹೆದರಿಸುವ ಕೆಲಸವನ್ನು ಪ್ರೇಕ್ಷಕನ ಕೈಯಿಂದಲೇ ಮಾಡಿಸಿದ ಜಾಣತನ ಇದು.

ಒಂದು ದೃಶ್ಯವನ್ನು ಉದಾಹರಿಸಬಹುದು. ಕೊನೆಯ ಭಾಗದಲ್ಲಿ ಲೋರಿ ಕತ್ತಲ ಕೋಣೆಯೊಂದರ ಬಾಗಿಲ ಪಕ್ಕ ನಿಂತು ಬಿಕ್ಕುತ್ತಿದ್ದಾಳೆ. ಹಿಂದಿನ ಬಾಗಿಲೊಳಗೆ ಕಡುಗಪ್ಪು. ಆ ಕಪ್ಪಿನೊಳಗಿನಿಂದ ಬಿಳಿಯ ಮುಖವೊಂದು ನಿಧಾನವಾಗಿ, ಹಾಲಿನ ಕೆನೆಯಂತೆ ತೇಲಿ ಬರುತ್ತದೆ. ಚೀರಾಟವಿಲ್ಲ, ನೆಗೆತವಿಲ್ಲ. ಛಾಯಾಗ್ರಾಹಕ ಡೀನ್ ಕಂಡಿ ಮಾಡಿದ್ದು ಇಷ್ಟೇ: ಒಂದು ಸಣ್ಣ ದೀಪವನ್ನು ಸಂಪೂರ್ಣ ತಗ್ಗಿಸಿಟ್ಟು, ಹದವರಿತು ಏರಿಸುತ್ತ ಹೋದದ್ದು. ಸಿನೆಮಾ ಕಲಿಯುವವರಿಗೆ ಅದು ಇವತ್ತಿಗೂ ಒಂದು ಪಾಠ.

ಮೊದಲ ದೃಶ್ಯದ ಕಥೆಯೂ ಹೀಗೆಯೇ. ಹೆಚ್ಚುಕಡಿಮೆ ನಾಲ್ಕು ನಿಮಿಷ ಕ್ಯಾಮೆರಾ ಒಬ್ಬನ ಕಣ್ಣಾಗಿ ಮನೆಯ ಸುತ್ತ ಅಲೆದು, ಒಳಹೊಕ್ಕು, ಅಡುಗೆಮನೆಯ ಚೂರಿ ಎತ್ತಿಕೊಂಡು, ಮಹಡಿ ಹತ್ತಿ ಒಂದು ಕೊಲೆ ಮಾಡಿ ಬೀದಿಗೆ ಬರುತ್ತದೆ. ಆ ಹೊತ್ತಿಗೆ ಕಾರಿನಿಂದಿಳಿದ ಗಂಡಹೆಂಡಿರು ಅವನ ಮುಖವಾಡ ಎಳೆದಾಗ ಗೊತ್ತಾಗುತ್ತದೆ, ಅವನು ಆರು ವರ್ಷದ ಹುಡುಗ ಮೈಕೇಲ್. ಕೊಂದದ್ದು ತನ್ನ ಅಕ್ಕನನ್ನು. ತೆರೆಯ ಮೇಲೆ ಚೂರಿ ಎತ್ತಿಕೊಳ್ಳುವ ಕೈ ಮಾತ್ರ ಆ ಬಾಲನಟನದಲ್ಲ. ಅದು ನಿರ್ಮಾಪಕಿ ಡೆಬ್ರಾ ಹಿಲ್ ಅವರ ಕೈ!

ಸಂಗೀತಕ್ಕೂ ಬೇರೆಯವರನ್ನು ಕರೆಸಲು ದುಡ್ಡಿರಲಿಲ್ಲ. ಕಾರ್ಪೆಂಟರ್ ಅವರ ತಂದೆ ಸಂಗೀತದ ಅಧ್ಯಾಪಕರು. ಮಗನಿಗೆ ಬಾಲ್ಯದಲ್ಲಿ ಬೋಂಗೋ ವಾದ್ಯದ ಮೇಲೆ ಐದರ ಎಣಿಕೆಯ ಲಯ ಹೇಳಿಕೊಟ್ಟಿದ್ದರು. ಅದನ್ನೇ ಪಿಯಾನೋ ಮೇಲೆ ತಂದು, ಇಡೀ ಚಿತ್ರದ ಸಂಗೀತವನ್ನು ಮೂರು ದಿನಗಳಲ್ಲಿ ಮುಗಿಸಿದರು. ಇಂಗ್ಲಿಷ್ ಹಾಡುಗಳಲ್ಲಿ ನಾಲ್ಕರ ಎಣಿಕೆ ಕೇಳಿ ಅಭ್ಯಾಸವಾದ ಕಿವಿಗೆ ಐದು ಎಂದರೆ ಎಲ್ಲೋ ಕಾಲು ಎಡವಿದಂತೆ. ಖಂಡಚಾಪು ಹಾಕಿ ಗೊತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಈ ಐದರ ಗುಟ್ಟು ಬೇಗ ಹಿಡಿಯುತ್ತದೆ. ಸಂಗೀತ ಸೇರಿಸುವ ಮೊದಲು ಚಿತ್ರ ನೋಡಿದ ಸ್ಟುಡಿಯೊ ಅಧಿಕಾರಿಯೊಬ್ಬರು ಒಂದಿಷ್ಟೂ ಹೆದರಲಿಲ್ಲವಂತೆ. ಸಂಗೀತ ಸೇರಿದ ಮೇಲೆ ಅದೇ ಚಿತ್ರ ಅವರ ಅಭಿಪ್ರಾಯವನ್ನು ಬದಲಿಸಿತು ಎಂದು ಕಾರ್ಪೆಂಟರ್ ಹೇಳಿಕೊಂಡಿದ್ದಾರೆ.

ಯಾರೂ ನಂಬದ ಮಾತು

ಇಷ್ಟೇ ಆಗಿದ್ದರೆ ಇದು ಕೈಚಳಕದ ಚಿತ್ರವಾಗಿ ಉಳಿಯುತ್ತಿತ್ತು. ಪಾಲಕರು ಗಮನಿಸಬೇಕಾದದ್ದು ಕಥೆಯ ಒಳಗಿದೆ.

ಲೋರಿ ಹದಿನೇಳರ ಹುಡುಗಿ. ಇಲ್ಲಿ ಪಿಯುಸಿ ಓದುವ ವಯಸ್ಸಿನವರು ಅಮೆರಿಕದಲ್ಲಿ ಹೈಸ್ಕೂಲಿನಲ್ಲೇ ಇರುತ್ತಾರೆ. ಗೆಳತಿ ಲಿಂಡಾ ತಾನು ಮರೆತು ಬಂದ ಪಠ್ಯಪುಸ್ತಕಗಳ ಪಟ್ಟಿ ಒಪ್ಪಿಸುತ್ತಿದ್ದರೆ, ಲೋರಿ ಪುಸ್ತಕದ ರಾಶಿಯನ್ನೇ ಎದೆಗವಚಿಕೊಂಡು ನಡೆಯುತ್ತಾಳೆ. ಬುದ್ಧಿವಂತೆ ಎಂಬ ಕಾರಣಕ್ಕೇ ಹುಡುಗರು ತನ್ನ ಬಳಿ ಸುಳಿಯುವುದಿಲ್ಲ ಎಂಬ ಸಣ್ಣ ನೋವು ಅವಳದು. ಈ ಹುಡುಗಿಯರ ಮಾತುಕತೆಯನ್ನು ಬಹುಪಾಲು ಬರೆದವರು ಡೆಬ್ರಾ ಹಿಲ್. ಹರೆಯದಲ್ಲಿ ತಾವೂ ಬೇಬಿಸಿಟಿಂಗ್ ಮಾಡಿದವರು. ಹಾಗಾಗಿ ಈ ಹುಡುಗಿಯರು ಕೊಲೆಗಾರನಿಗೆ ಆಹಾರವಾಗಲೆಂದು ತಂದು ನಿಲ್ಲಿಸಿದ ಬೊಂಬೆಗಳಲ್ಲ. ಪಕ್ಕದ ಮನೆಯ ಮಕ್ಕಳಂತೆ ನಗುತ್ತಾರೆ, ಕಿತ್ತಾಡುತ್ತಾರೆ, ಹೊತ್ತು ಕಳೆಯುತ್ತಾರೆ.

ಹದಿನೈದು ವರ್ಷ ಆಸ್ಪತ್ರೆಯಲ್ಲಿದ್ದ ಮೈಕೇಲ್ ತಪ್ಪಿಸಿಕೊಂಡು ಊರಿಗೆ ಬಂದಿದ್ದಾನೆ. ತರಗತಿಯಲ್ಲಿ ವಿಧಿ ಎಂದರೇನು ಎಂಬ ಪಾಠ ನಡೆಯುತ್ತಿರುವಾಗ ಲೋರಿ ಕಿಟಕಿಯಾಚೆ ನೋಡುತ್ತಾಳೆ. ರಸ್ತೆಯಲ್ಲಿ ಒಂದು ಕಾರು, ಅದರ ಪಕ್ಕ ಒಂದು ಬಿಳಿ ಮುಖ. ಅಧ್ಯಾಪಕಿ ಪ್ರಶ್ನೆ ಕೇಳುತ್ತಾರೆ. ಲೋರಿ ಸರಿಯಾದ ಉತ್ತರವನ್ನೇ ಕೊಡುತ್ತಾಳೆ. ಶಾಲೆಗೆ ಬೇಕಾದದ್ದು ಉತ್ತರ, ಅದು ಸಿಕ್ಕಿತು. ಹುಡುಗಿ ಏನು ನೋಡುತ್ತಿದ್ದಳು ಎಂದು ಯಾರೂ ಕೇಳುವುದಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಬೇಲಿಯ ಬಳಿ ಅವನು ಮತ್ತೆ ಕಾಣಿಸಿದಾಗ ಗೆಳತಿ ಆ್ಯನಿ ಹೋಗಿ ನೋಡಿ ಬಂದು ಗೇಲಿ ಮಾಡುತ್ತಾಳೆ. ಮುಂದೆ ಎದುರಾದ ಆ್ಯನಿಯ ತಂದೆ ಊರಿನ ಪೊಲೀಸ್ ಮುಖ್ಯಸ್ಥ. ಹಬ್ಬದ ದಿನ ಒಂದಿಷ್ಟು ಹೆದರಿಕೆ ಇದ್ದದ್ದೇ ಎಂಬರ್ಥದಲ್ಲಿ ಆತನೂ ನಕ್ಕು ಸುಮ್ಮನಾಗುತ್ತಾನೆ. ಆ ರಾತ್ರಿ ಲೋರಿ ನೋಡಿಕೊಳ್ಳುವ ಪುಟ್ಟ ಹುಡುಗ ಟಾಮಿ, ಎದುರು ಮನೆಯ ಬಳಿ ಗುಮ್ಮನನ್ನು ಕಂಡೆ ಎನ್ನುತ್ತಾನೆ. ಹಗಲೆಲ್ಲ ತನ್ನ ಮಾತನ್ನು ಯಾರೂ ನಂಬಲಿಲ್ಲವೆಂದು ನೊಂದಿದ್ದ ಲೋರಿಯೇ ಅವನಿಗೆ ಗುಮ್ಮ ಗಿಮ್ಮ ಎಲ್ಲ ಸುಳ್ಳು ಎಂದು ಬುದ್ಧಿ ಹೇಳುತ್ತಾಳೆ!

ಅತ್ತ ಡಾಕ್ಟರ್ ಲೂಮಿಸ್ ಎಚ್ಚರಿಸಿದ್ದನ್ನು ಆಸ್ಪತ್ರೆಯವರು ಕಿವಿಗೆ ಹಾಕಿಕೊಂಡಿರಲಿಲ್ಲ. ಪೊಲೀಸ್ ಮುಖ್ಯಸ್ಥ ಅರೆಮನಸ್ಸಿನಿಂದ ಒಪ್ಪುತ್ತಾನೆ. ಸ್ವತಃ ಲೂಮಿಸ್ ಕೂಡ, ಜನ ಗಾಬರಿಯಾಗುತ್ತಾರೆ, ಊರಿಗೆ ಸುದ್ದಿ ಹಬ್ಬಿಸುವುದು ಬೇಡ ಎನ್ನುತ್ತಾನೆ. ದೊಡ್ಡವರು ದೊಡ್ಡವರೊಳಗೇ ಗುಟ್ಟು ಮಾಡಿಕೊಂಡು ಪಾಳುಮನೆ ಕಾಯುತ್ತಿರುವಾಗ, ಆ ಪೊಲೀಸ್ ಅಧಿಕಾರಿಯ ಸ್ವಂತ ಮಗಳು ಕೆಲವೇ ಬೀದಿಗಳಾಚೆ ಪ್ರಾಣ ಕಳೆದುಕೊಳ್ಳುತ್ತಾಳೆ.

ಇಡೀ ಚಿತ್ರದಲ್ಲಿ ಮೈ ಜುಮ್ಮೆನ್ನಿಸುವ ದೃಶ್ಯ ಯಾವುದೆಂದು ಕೇಳಿದರೆ ಅದು ಕೊಲೆಯದಲ್ಲ. ಗಾಯಗೊಂಡ ಲೋರಿ ನೆರೆಮನೆಯ ಬಾಗಿಲು ಬಡಿದು ಕಾಪಾಡಿ ಎಂದು ಕೂಗುತ್ತಾಳೆ. ಜಗಲಿಯ ದೀಪ ಹತ್ತುತ್ತದೆ. ಕಿಟಕಿಯ ಪಟ್ಟಿಯ ಸಂದಿಯಿಂದ ಯಾರೋ ನೋಡುತ್ತಾರೆ. ನೋಡಿ, ದೀಪ ಆರಿಸುತ್ತಾರೆ. ಹಬ್ಬದ ದಿನದ ಹುಡುಗಾಟವೆಂದುಕೊಂಡರೋ ಏನೋ. ಒಂದು ಹನಿ ರಕ್ತವಿಲ್ಲದ ಈ ಕೆಲವು ಕ್ಷಣಗಳು ಚೂರಿಗಿಂತ ಆಳಕ್ಕೆ ಇಳಿಯುತ್ತವೆ. ಆ ಕಿಟಕಿಯ ಹಿಂದೆ ನಿಂತವರು ಕೆಟ್ಟವರಲ್ಲ. ಮಕ್ಕಳ ಕೂಗನ್ನು ಆಟವೆಂದು ಭಾವಿಸಿದ ಸಾಮಾನ್ಯ ಸದ್ಗೃಹಸ್ಥರು.

ಕೊನೆಗೆ ಲೋರಿ ಬದುಕುಳಿಯುವುದು ಹೇಗೆ? ಮೊದಲು ಮಕ್ಕಳನ್ನು ಮಹಡಿಗೆ ಕಳಿಸುತ್ತಾಳೆ. ಕೈಗೆ ಸಿಕ್ಕ ಹೆಣಿಗೆ ಕಡ್ಡಿ, ಬಟ್ಟೆ ತೂಗುಹಾಕುವ ತಂತಿ ಹಿಡಿದು ತಾನೇ ಎದುರಿಸುತ್ತಾಳೆ. ಸ್ವಲ್ಪ ಬಿಡುವು ಸಿಕ್ಕೊಡನೆ ಮಕ್ಕಳನ್ನು ಸಹಾಯ ಕೇಳಲು ಓಡಿಸುತ್ತಾಳೆ. ಆ ಮಕ್ಕಳು ಕಿರುಚುತ್ತ ಬೀದಿಗೆ ಬಂದದ್ದನ್ನು ಕಂಡ ಡಾಕ್ಟರ್ ಲೂಮಿಸ್ ಮನೆಯೊಳಗೆ ನುಗ್ಗಿ ಗುಂಡು ಹಾರಿಸುತ್ತಾನೆ. ಅಂದರೆ, ಇಡೀ ಕಥೆಯಲ್ಲಿ ದೊಡ್ಡವನೊಬ್ಬ ಮಕ್ಕಳ ಕೂಗಿಗೆ ಓಗೊಟ್ಟದ್ದು ಅದೊಂದೇ ಸಲ. ಉಳಿದದ್ದೂ ಆ ಒಂದು ಜೀವ. ಇಂಥ ಅಚ್ಚುಕಟ್ಟಾದ ನೀತಿಯನ್ನು ನೀತಿಕಥೆಗಳೂ ಹೇಳುವುದು ಅಪರೂಪ.

ಅಷ್ಟಾಗಿಯೂ ಚಿತ್ರ ನೆಮ್ಮದಿ ಕೊಡುವುದಿಲ್ಲ. ಆರು ಗುಂಡು ತಿಂದು ಮಹಡಿಯಿಂದ ಕೆಳಗೆ ಬಿದ್ದವನು ಇಣುಕಿ ನೋಡಿದಾಗ ಅಲ್ಲಿರುವುದಿಲ್ಲ. ಖಾಲಿ ಕೋಣೆ, ಖಾಲಿ ಮೆಟ್ಟಿಲು, ಖಾಲಿ ಮನೆಗಳನ್ನು ಒಂದೊಂದಾಗಿ ತೋರಿಸುತ್ತ, ಮುಖವಾಡದೊಳಗಿನ ಉಸಿರಿನ ಸದ್ದು ಕೇಳಿಸುತ್ತ ಚಿತ್ರ ಮುಗಿಯುತ್ತದೆ.

ನಕಲುಗಳ ಸಂತೆ

ಮೊದಮೊದಲು ಅನೇಕ ವಿಮರ್ಶಕರು ಮೂಗು ಮುರಿದರು. ಆದರೆ ನೋಡಿದವರು ನೋಡದವರಿಗೆ ಹೇಳುತ್ತ ಹೋದರು. ರೋಜರ್ ಎಬರ್ಟ್‌ರಂಥ ವಿಮರ್ಶಕರು 'ಸೈಕೋ' ಜೊತೆಗೆ ಹೋಲಿಸಿ ಹೊಗಳಿದರು. ಅಮೆರಿಕದಲ್ಲೇ ಚಿತ್ರ 4 ಕೋಟಿ 70 ಲಕ್ಷ ಡಾಲರ್ ಗಳಿಸಿತು. ಹಾಕಿದ ಹಣಕ್ಕೆ 140 ಪಟ್ಟಿಗೂ ಹೆಚ್ಚು. 2006ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ಸಂಗ್ರಹದಲ್ಲಿ ಶಾಶ್ವತವಾಗಿ ಕಾಪಿಡಬೇಕಾದ ಚಿತ್ರಗಳ ಸಾಲಿಗೆ ಇದನ್ನೂ ಸೇರಿಸಿತು.

ಲಾಭದ ವಾಸನೆ ಹಿಡಿದು ಬಂದವರಿಗೆ ಕಂಡದ್ದು ಚೂರಿ ಮಾತ್ರ. 1980ರಲ್ಲಿ 'ಫ್ರೈಡೆ ದ ಥರ್ಟೀಂತ್' ಬಂತು. ಅದರ ನಿರ್ದೇಶಕ ಕತೆ ಸಿದ್ಧವಾಗುವ ಮೊದಲೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು! ಅದೇ ವರ್ಷ ಕೆನಡಾದಿಂದ ಹೈಸ್ಕೂಲಿನ ನೃತ್ಯಕೂಟದ ರಾತ್ರಿ ನಡೆಯುವ ಕೊಲೆಗಳ 'ಪ್ರಾಮ್ ನೈಟ್' ಬಂತು. ಅದರಲ್ಲೂ ಜೇಮೀ ಲೀ ಕರ್ಟಿಸ್ ಇದ್ದರು. ಅವುಗಳ ಬೆನ್ನಿಗೆ ಬಂದವಕ್ಕೆ ಲೆಕ್ಕವಿಲ್ಲ. ಮೂಲ ಚಿತ್ರದ ಮೌನ, ಕಾಯುವಿಕೆ, ಹುಡುಗಿಯರ ಮೇಲಿನ ಅಕ್ಕರೆ ಇವೆಲ್ಲ ಮಾಯವಾಗಿ ರಕ್ತ ಒಂದೇ ಉಳಿಯಿತು. 1980ರಲ್ಲೇ ಎಬರ್ಟ್ ಮತ್ತು ಜೀನ್ ಸಿಸ್ಕಲ್ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಹೆಂಗಸರನ್ನು ಹಿಂಸಿಸುವುದನ್ನೇ ಮನರಂಜನೆಯಾಗಿಸಿದ ಈ ಚಿತ್ರಗಳನ್ನು ತೀವ್ರವಾಗಿ ಖಂಡಿಸಿದರು. ಆದರೆ 'ಹ್ಯಾಲೋವೀನ್' ಈ ಗುಂಪಿಗೆ ಸೇರಿದ್ದಲ್ಲ ಎಂದು ಬೇರ್ಪಡಿಸಿ ಹೇಳಿದರು.

ಒಪ್ಪಲಾಗದ ಸಂಗತಿಗಳು

ಹಾಗೆಂದು ಇದು ದೋಷವಿಲ್ಲದ ಚಿತ್ರವೇನಲ್ಲ. ಎರಡು ಮಾತುಗಳನ್ನು ಮನೆಯಲ್ಲಿ ಮಕ್ಕಳೊಂದಿಗೆ ಮುಕ್ತವಾಗಿ ಆಡಬೇಕು.

ಒಂದು, ಮನೋರೋಗದ ವಿಷಯ. ಲೂಮಿಸ್ ತನ್ನ ರೋಗಿಯನ್ನು ಮನುಷ್ಯನೇ ಅಲ್ಲ, ಬರೀ ಕೇಡು ಎಂಬಂತೆ ವರ್ಣಿಸುತ್ತಾನೆ. ಕಥೆಗೆ ಅದು ಹೊಂದಬಹುದು, ಬದುಕಿಗೆ ಹೊಂದುವುದಿಲ್ಲ. ಮಾನಸಿಕ ಕಾಯಿಲೆಯಿಂದ ನರಳುವವರಲ್ಲಿ ಬಹುಮಂದಿ ಯಾರಿಗೂ ಕೇಡು ಮಾಡದವರು. ಅವರಿಗೆ ಬೇಕಾದದ್ದು ಔಷಧಿ, ಆರೈಕೆ, ಸಹನೆ. ಆಸ್ಪತ್ರೆಯಿಂದ ಬಂದವನೆಂದರೆ ಚೂರಿ ಹಿಡಿದವನು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಕೂತರೆ ಅದು ಸಿನೆಮಾ ಮಾಡಿದ ನಿಜವಾದ ಹಾನಿ.

ಎರಡು, ಹುಡುಗರ ಜೊತೆ ಓಡಾಡುವ ಗೆಳತಿಯರು ಸಾಯುತ್ತಾರೆ, ಓದುವ ಹುಡುಗಿ ಉಳಿಯುತ್ತಾಳೆ ಎಂಬ ಲೆಕ್ಕ. ಇದನ್ನು ಕಂಡು ಕೆಲವು ಪಾಲಕರಿಗೆ ಸಂತೋಷವೂ ಆಗಬಹುದು! ಆದರೆ ಶಿಕ್ಷೆ ಕೊಡುವ ಉದ್ದೇಶ ತಮಗಿರಲಿಲ್ಲವೆಂದು ಕಾರ್ಪೆಂಟರ್ ಹೇಳುತ್ತಲೇ ಬಂದಿದ್ದಾರೆ. ಚಿತ್ರವನ್ನು ಸರಿಯಾಗಿ ನೋಡಿದರೆ ಲೋರಿ ಉಳಿಯುವುದು ಸುತ್ತ ಏನಾಗುತ್ತಿದೆ ಎಂದು ಗಮನಿಸುವವಳಾದ್ದರಿಂದ. ಕೊನೆಗೆ ಉಳಿಯುವ ಈ ಬಗೆಯ ನಾಯಕಿಯನ್ನು ಕುರಿತು ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಅಲ್ಲಿಂದ 'ಫೈನಲ್ ಗರ್ಲ್' ಎಂಬ ಮಾತು ವಿಮರ್ಶೆಯ ಭಾಷೆಗೆ ಸೇರಿತು.

ಇನ್ನು ವಯಸ್ಸಿನ ಪ್ರಶ್ನೆ. ಅಮೆರಿಕದಲ್ಲಿ ಈ ಚಿತ್ರಕ್ಕೆ ಸಿಕ್ಕಿದ್ದು 'ಆರ್' ದರ್ಜೆ. ಹದಿನೇಳಕ್ಕಿಂತ ಚಿಕ್ಕವರು ದೊಡ್ಡವರ ಜೊತೆಯಲ್ಲಷ್ಟೇ ನೋಡಬೇಕು. ಕೊಲೆಗಳಲ್ಲದೆ ಕೆಲವು ನಗ್ನ ದೃಶ್ಯಗಳೂ ಇವೆ. ತಮ್ಮ ತಂಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ. ಅಡುಗೆಮನೆಯಿಂದ ಬಂದ ತಾಯಿಯ ತಕರಾರು ಆ ಮಟ್ಟಿಗೆ ನ್ಯಾಯವಾದದ್ದೇ. ಕಾಲೇಜು ಮೆಟ್ಟಿಲು ಹತ್ತಿದವರಿಗೆ ಮಾತು ಬೇರೆ. ಅದರಲ್ಲೂ ಕೈಯಲ್ಲೊಂದು ಫೋನು ಹಿಡಿದು ಕಿರುಚಿತ್ರ ತೆಗೆಯುವ ಕನಸಿನವರು ಒಮ್ಮೆ ಕಥೆಗಾಗಿ, ಇನ್ನೊಮ್ಮೆ ಧ್ವನಿ ಪೂರ್ತಿ ತಗ್ಗಿಸಿ ಚೌಕಟ್ಟುಗಳಿಗಾಗಿ ನೋಡಬೇಕು. ದುಬಾರಿ ಕ್ಯಾಮೆರಾ ಇಲ್ಲ, ಲೈಟಿಲ್ಲ, ದುಡ್ಡಿಲ್ಲ ಎಂಬ ದೂರುಗಳಿಗೆ ಚೀಲದಲ್ಲಿ ತುಂಬಿಟ್ಟ ಬಣ್ಣದ ಎಲೆಗಳೂ ಎರಡು ಡಾಲರಿನ ರಬ್ಬರು ಮುಖವೂ ಉತ್ತರ ಹೇಳುತ್ತವೆ.

ಅಂದು ಕೆಲಸ ಕಳೆದುಕೊಳ್ಳುವೆನೇನೋ ಎಂದು ಅಂಜಿದ್ದ ಹತ್ತೊಂಬತ್ತರ ಹುಡುಗಿ ಜೇಮೀ ಲೀ ಕರ್ಟಿಸ್, 2022ರವರೆಗೂ ಲೋರಿಯ ಪಾತ್ರಕ್ಕೆ ಮರಳಿ ಮರಳಿ ಬಂದರು. 2023ರಲ್ಲಿ ಬೇರೊಂದು ಚಿತ್ರಕ್ಕಾಗಿ ಆಸ್ಕರ್ ಪಡೆದರು. ಕಾರ್ಪೆಂಟರ್ ಹೆಸರು ಭಯದ ಚಿತ್ರಗಳಿಗೇ ಪರ್ಯಾಯವಾಯಿತು. ಇವೆಲ್ಲ ದೊಡ್ಡ ಸುದ್ದಿಗಳು. ಮನೆಮಟ್ಟಿಗೆ ಬೇಕಾದ ಸುದ್ದಿ ಮಾತ್ರ ಚಿಕ್ಕದು.

ಶಾಲೆಯ ದಾರಿಯಲ್ಲಿ ಯಾರೋ ಹಿಂದೆ ಬರುತ್ತಾರೆ ಎಂದು ಮಗಳು ಹೇಳಿದಾಗ, ಆ ಮಾವನ ಮನೆಗೆ ಹೋಗುವುದಿಲ್ಲ ಎಂದು ಮಗ ಹಟ ಹಿಡಿದಾಗ, ಗುಮ್ಮ ಇದ್ದಾನೆ ಎಂದು ಕಂದ ಸೆರಗು ಹಿಡಿದು ಜಗ್ಗಿದಾಗ, ದೊಡ್ಡವರ ಬಾಯಿಗೆ ಮೊದಲು ಬರುವುದು 'ಏನಿಲ್ಲ, ಸುಮ್ನಿರು' ಎಂಬ ಮಾತು. ಹತ್ತಕ್ಕೆ ಒಂಬತ್ತು ಸಲ ಅಲ್ಲಿ ನಿಜವಾಗಿಯೂ ಏನೂ ಇರುವುದಿಲ್ಲ. ಆ ಹತ್ತನೆಯ ಸಲಕ್ಕಾಗಿ ಎದ್ದು ಹೋಗಿ, ಬಾಗಿಲು ತೆರೆದು, ದೀಪ ಹಾಕಿ ನೋಡಬೇಕು. ಹಾಕಿದ ದೀಪವನ್ನು ಆರಿಸಬಾರದು.